ಗಲ್ಲದ ಕೆಳಗಿನ ಸಾಲು

ಸೆಪ್ಟೆಂಬರ್ 9, ಭಾನುವಾರ

ಹತ್ತು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಸುದ್ದಿಯನ್ನು ಇವತ್ತು ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆಯೇ ಹೊರಗೆ ಬಿಟ್ಟೆ. ನಾನು ಟಿವಿಯಲ್ಲಿ ಬರುತ್ತೇನೆ. ಗುಂಪಿನಲ್ಲಿ ನಿಂತು ಕೈಬೀಸುವುದಲ್ಲ, ಮೂವತ್ತು ಸೆಕೆಂಡು ನಾನೊಬ್ಬಳೇ.

ನವೆಂಬರ್ ಆರಕ್ಕೆ ಮೆಷರ್ ಕೆ ಎಂಬ ತೆರಿಗೆ ಪ್ರಸ್ತಾವ ಜನರ ಮತಕ್ಕೆ ಬರುತ್ತದೆ. ಜನ ಹೌದು ಎಂದರೆ ಮಾರಾಟ ತೆರಿಗೆ ಡಾಲರಿಗೆ ಅರ್ಧ ಸೆಂಟು ಏರುತ್ತದೆ, ಕೌಂಟಿ ಆಸ್ಪತ್ರೆಯ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಅಲ್ಲ ಎಂದರೆ ರಾತ್ರಿ ಹತ್ತಕ್ಕೆ ಬಾಗಿಲು ಮುಚ್ಚುತ್ತಾರೆ. ಎದೆನೋವು ಬಂದವರು ನಲವತ್ತು ನಿಮಿಷ ಗಾಡಿ ಓಡಿಸಿಕೊಂಡು ಸ್ಟಾಕ್ಟನ್‌ಗೆ ಹೋಗಬೇಕು. ಆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು ನಾನು. ಜಾಹೀರಾತಿಗೆ ನನ್ನನ್ನಲ್ಲದೆ ಇನ್ಯಾರನ್ನು ಕರೆಯಬೇಕಿತ್ತು?

ಇವರಿಗೆ ಮಾತ್ರ ನಗು. ನನ್ನ ಗಂಡ ಸೆಲ್ಮೊ ಯಾವುದನ್ನು ತಾನೆ ಗಂಭೀರವಾಗಿ ತೆಗೆದುಕೊಂಡಿದ್ದಾರೆ?

"ಅವರಿಗೆ ಬೇರೆ ಯಾರೂ ಸಿಗ್ಲಿಲ್ವೇನೇ?" ಎಂದರು.

"ಸಿಕ್ಕಿದ್ರು ರೀ. ಯಾರೂ ನನ್ನಷ್ಟು ಲಕ್ಷಣವಾಗಿರ್ಲಿಲ್ಲ."

ಪಕ್ಕದ ಮನೆಯ ಫೆಲಿ ಮುಖ ಸಣ್ಣದು ಮಾಡಿಕೊಂಡಳು. ನಾವಿಬ್ಬರೂ ಒಂದೇ ವರ್ಷ ಸಮುದ್ರದಾಚೆಯ ನಮ್ಮ ಸೀಮೆ ಇಲೋಕೋಸ್‌ನಿಂದ ಈ ದೇಶಕ್ಕೆ ಬಂದವರು, ಒಂದೇ ಆಸ್ಪತ್ರೆ ಸೇರಿದವರು. ಅವಳು ಹೆರಿಗೆ ವಾರ್ಡು, ನಾನು ತುರ್ತು ವಿಭಾಗ. "ದುಡ್ಡು ಗಿಡ್ಡು ಕೊಡ್ತಾರಾ?" ಎಂದು ಕೇಳಿದಳು. ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡಿದ್ದೆ. ಅವಳು ಕೇಳಿಯೂಬಿಟ್ಟಳು. "ಆಸ್ಪತ್ರೆ ಉಳಿಸಕ್ಕೆ ದುಡ್ಡು ತಗೋತಾರೇನೇ?" ಎಂದುಬಿಟ್ಟೆ. ಕೊಡುವುದು ಒಂದೂವರೆ ಸಾವಿರ ಡಾಲರು.

ಸೆಪ್ಟೆಂಬರ್ 14, ಶುಕ್ರವಾರ

ಚಿತ್ರೀಕರಣ ಆಯಿತು. ನನ್ನ ಕೊರಳಿಗೆ ಸ್ಟೆತಾಸ್ಕೋಪು ಹಾಕಿದ ಹುಡುಗಿ ಅದರ ಕಿವಿಯ ತುದಿಗಳನ್ನು ಹಿಂದುಮುಂದಾಗಿ ತಿರುಗಿಸಿದ್ದಳು. ಸರಿ ಮಾಡಿಸಿದೆ. ಕೈಗೆ ಖಾಲಿ ಹಾಳೆ ಸಿಕ್ಕಿಸಿದ ರಟ್ಟು ಕೊಟ್ಟು ಅದರಲ್ಲಿ ಏನೋ ಬರೆಯುತ್ತಿರುವಂತೆ ನಟಿಸಿ ಎಂದರು. ನಾನು ಸುಮ್ಮನೆ ಗೀಚಲಿಲ್ಲ, ಒಬ್ಬ ರೋಗಿಯ ನಾಡಿ, ಉಸಿರು, ರಕ್ತದೊತ್ತಡ ಎಲ್ಲ ಬರೆದೆ. ಕ್ಯಾಮೆರಾಗೆ ಕಾಣುವುದಿಲ್ಲವಂತೆ. ಕಾಣದಿದ್ದರೇನು, ಬರೆದದ್ದು ಸರಿಯಿರಬೇಡವೇ?

ಪ್ರಚಾರ ನೋಡಿಕೊಳ್ಳುವವನು ಗ್ಯಾರೆಟ್ ಎಂದು. ಮೂವತ್ತು ದಾಟಿರಲಾರದು, ಮಾತು ಬೆಣ್ಣೆ. "ಮಿಸೆಸ್ ಅಗ್ಬಯಾನಿ, ನೀವು ಒಂದೇ ಸಲಕ್ಕೆ ಹೇಳ್ಬಿಟ್ರಿ. ನಟರು ಇಪ್ಪತ್ತು ಸಲ ತಗೋತಾರೆ" ಎಂದ. "ನಟರಿಗೆ ಹೇಳೋದು ಗೊತ್ತಿರಲ್ಲಪ್ಪ. ನನಗೆ ಗೊತ್ತಿದೆ" ಎಂದೆ.

ಮನೆಗೆ ಬರುತ್ತಾ ದೊಡ್ಡ ಟಿವಿ ಕೊಂಡೆವು. ಹಳೆಯದರಲ್ಲಿ ಎಲ್ಲರ ಮುಖವೂ ಹಸಿರಾಗಿ ಕಾಣುತ್ತಿತ್ತು.

ಸೆಪ್ಟೆಂಬರ್ 28, ಶುಕ್ರವಾರ

ಬಂತು. ಸಂಜೆ ಸುದ್ದಿಯ ನಡುವೆ, ಹವಾಮಾನಕ್ಕಿಂತ ಮುಂಚೆ.

ಚರ್ಚಿನ ರೋಸರಿ ಪ್ರಾರ್ಥನೆಯ ಗುಂಪಿನವರೆಲ್ಲ ನಮ್ಮ ಮನೆಯಲ್ಲೇ ಇದ್ದರು. ಒಂದು ದೊಡ್ಡ ಟ್ರೇ ಪ್ಯಾನ್ಸಿಟ್ ನೂಡಲ್ಸ್ ಮಾಡಿದ್ದೆ, ಲುಂಪಿಯಾ ಸುರುಳಿ ಎಂಬತ್ತು ಕರಿದಿದ್ದೆ. "ಮೂವತ್ತೊಂದು ವರ್ಷ ನಾನು ಆ ಬಾಗಿಲಲ್ಲಿ ನಿಂತಿದ್ದೆ. ಅದನ್ನು ಮುಚ್ಚಬೇಡಿ" ಎಂದು ಟಿವಿಯಲ್ಲಿ ನಾನು ಹೇಳಿದಾಗ ಗುಂಪಿನ ಲೂಸಿಂಗ್ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಇಷ್ಟು ಚೆನ್ನಾಗಿ ಬರುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಫೆಲಿ ಎದ್ದು ನಿಂತು ಎಲ್ಲರೆದುರು, "ನಮ್ ಪುರಿಂಗ್ ಒಂದು ಕಾಸೂ ಮುಟ್ಟದೆ ಮಾಡಿದಾಳೆ, ನೆನಪಿರ್ಲಿ" ಎಂದಳು. ಎಲ್ಲರೂ ಚಪ್ಪಾಳೆ ಹೊಡೆದರು. ಇವರು ಮಾತ್ರ ನನ್ನ ಕಡೆ ನೋಡದೆ ಹೊಸ ಟಿವಿಯನ್ನೇ ನೋಡುತ್ತಾ ಕುಳಿತರು.

ಅಂಗಡಿಯವನು, ಬ್ಯಾಂಕಿನವಳು, ಅಂಚೆಯವನು. ಇವತ್ತಿನಿಂದ ಯಾರು ಯಾರು ಗುರುತು ಹಿಡಿಯುತ್ತಾರೋ ಬರೆದಿಡಬೇಕು.

ಅಕ್ಟೋಬರ್ 2, ಮಂಗಳವಾರ

ಹನ್ನೊಂದು ಜನ. ಅದರಲ್ಲಿ ಒಬ್ಬ ಪೊಲೀಸು.

ಅಕ್ಟೋಬರ್ 3, ಬುಧವಾರ

ಗ್ಯಾರೆಟ್ ಫೋನು ಮಾಡಿದ್ದ. ಮಾತಿನಲ್ಲಿ ಬೆಣ್ಣೆ ಇರಲಿಲ್ಲ. ಮೆಷರ್ ಕೆ ಬೇಡ ಎನ್ನುವವರು ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಚುನಾವಣಾ ಪ್ರಚಾರದ ಮೇಲೆ ಕಣ್ಣಿಡುವ ಆಯೋಗಕ್ಕೆ ದೂರು ಕೊಟ್ಟಿದ್ದಾರಂತೆ. ಮತಕ್ಕಿಟ್ಟ ವಿಷಯದ ಜಾಹೀರಾತಿನಲ್ಲಿ ದುಡ್ಡು ತೆಗೆದುಕೊಂಡು ಮಾತಾಡುವವರಿದ್ದರೆ ಅದನ್ನು ಆ ಜಾಹೀರಾತಿನಲ್ಲೇ ಹೇಳಬೇಕು ಎಂಬ ಕಾನೂನಿದೆ. ಗ್ಯಾರೆಟ್ ಕಡೆಯ ವಕೀಲರು ಐದು ಸಾವಿರದ ಒಳಗಾದರೆ ಹೇಳಬೇಕಾಗಿಲ್ಲ ಎಂದುಕೊಂಡು ಸುಮ್ಮನಿದ್ದರು. ಅದು ಸಾಮಾನ್ಯ ಜನರ ಲೆಕ್ಕವಂತೆ. ನರ್ಸು, ಡಾಕ್ಟರು ಎಂದು ಹೇಳಿಕೊಂಡು ಮಾತಾಡುವವರಿಗೆ ಒಂದೇ ಒಂದು ಡಾಲರು ಕೊಟ್ಟರೂ ಹೇಳಬೇಕು.

"ನೀವು ರಿಟೈರ್ಡ್ ಅಲ್ವಾ ಅಂತ ನಮ್ಮ ವಕೀಲರು ಅಂದ್ಕೊಂಡ್ರು. ನಿಮ್ ಲೈಸೆನ್ಸ್ ಈಗ ಇಲ್ಲ ತಾನೆ?" ಎಂದು ಕೇಳಿದ. ಇಲ್ಲ ಎನ್ನಲಿ ಎಂಬ ಆಸೆ ಅವನ ದನಿಯಲ್ಲೇ ಇತ್ತು.

"ಯಾಕಿಲ್ಲ? ಏಪ್ರಿಲ್‌ನಲ್ಲಿ ನವೀಕರಿಸಿದೀನಿ. ಮೂವತ್ತು ಗಂಟೆ ಪಾಠ ಓದಿ, ಪರೀಕ್ಷೆ ಬರೆದು."

"ರಿಟೈರಾಗಿ ಏಳು ವರ್ಷ ಆದ್ಮೇಲೂ?"

"ಏಳು ವರ್ಷ ಆದ್ಮೇಲೂ."

ಫೆಲಿ ರಿಟೈರಾದ ವರ್ಷವೇ ಲೈಸೆನ್ಸು ಬಿಟ್ಟಳು. ಎರಡು ವರ್ಷಕ್ಕೊಮ್ಮೆ ನಾನು ಅಡುಗೆಮನೆ ಮೇಜಿನ ಮೇಲೆ ಪುಸ್ತಕ ಹರಡಿದಾಗಲೆಲ್ಲ ಅವಳು ಬಂದು ನಗುತ್ತಾಳೆ. ನಗಲಿ. ಲೈಸೆನ್ಸು ಬಿಟ್ಟರೆ ನಾನು ನರ್ಸಾಗಿದ್ದವಳು. ಬಿಡದಿದ್ದರೆ ನರ್ಸು.

ಅಕ್ಟೋಬರ್ 5, ಶುಕ್ರವಾರ

ಗ್ಯಾರೆಟ್ ಮನೆಗೇ ಬಂದ. ಜಾಹೀರಾತಿನ ಕೆಳಗೆ ಒಂದು ಸಾಲು ಹಾಕಲೇಬೇಕು, ಆದರೆ ಎರಡು ಬಗೆಯಿದೆ ಎಂದು ವಿವರಿಸಿದ. ಮೊದಲನೆಯದರಲ್ಲಿ ನನ್ನ ಹೆಸರು ಬರುತ್ತದೆ: ಪ್ಯೂರಿಫಿಕಾಸಿಯೊನ್ ಅಗ್ಬಯಾನಿ ಅವರಿಗೆ ಈ ಪ್ರಚಾರದವರು ಅಥವಾ ಇದರ ದಾನಿಗಳು ಹಣ ಕೊಡುತ್ತಿದ್ದಾರೆ, ಎಂದು. ಎರಡನೆಯದರಲ್ಲಿ ಯಾರ ಹೆಸರೂ ಇಲ್ಲ, ಏನೋ ಉದ್ದವಾಗಿ ಕಾನೂನಿನ ಭಾಷೆಯಲ್ಲಿದೆ.

"ಎರಡನೇದೇ ವಾಸಿ. ಯಾರೂ ಓದಲ್ಲ ಮೇಡಮ್. ನಿಮ್ ಹೆಸರೂ ಬಚಾವು" ಎಂದ.

ನನಗೆ ಜೀವ ಬಂದಂತಾಯಿತು. ಹೆಸರಿಲ್ಲ ಎಂದರೆ ಫೆಲಿಗೆ ಗೊತ್ತಾಗುವುದಿಲ್ಲ. "ಅಕ್ಷರ ಎಷ್ಟು ಸಣ್ಣದಾಗುತ್ತೋ ಅಷ್ಟು ಸಣ್ಣ ಮಾಡಪ್ಪ" ಎಂದೂ ಹೇಳಿ, ಅವನಿಗೆ ಕಾಫಿ ಕೊಟ್ಟು ಕಳಿಸಿದೆ. ಅವನು ಹೋದ ಮೇಲೆ ನೆನಪಾಯಿತು, ಸಾಲನ್ನು ಪೂರ್ತಿ ಓದಲೇ ಇಲ್ಲ. ಮಾತ್ರೆಯ ಬಾಟಲಿಯ ಮೇಲಿನ ಚೀಟಿಯನ್ನು ಮೂರು ಸಲ ಓದಿ ಎಂದು ಹೊಸ ನರ್ಸುಗಳಿಗೆಲ್ಲ ಹೇಳಿಕೊಟ್ಟವಳು ನಾನು.

ಅಕ್ಟೋಬರ್ 8, ಸೋಮವಾರ

ಹೊಸ ಜಾಹೀರಾತು ಬಂತು. ಸಾಲು ಸಣ್ಣದಾಗಿಲ್ಲ. ಎದ್ದು ಕಾಣುವಂತೆ, ಮೊದಲಿನಿಂದ ಕೊನೆಯ ತನಕ, ಸರಿಯಾಗಿ ನನ್ನ ಗಲ್ಲದ ಕೆಳಗೆ. ಇವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು.

"ಈ ಜಾಹೀರಾತಿನಲ್ಲಿ ಯಾವುದೇ ವೃತ್ತಿಯವರಾಗಿ ಕಾಣಿಸಿಕೊಂಡವರು ಹಣ ಪಡೆದ ವಕ್ತಾರರು, ಅವರು ಆ ವೃತ್ತಿಯಲ್ಲೇ ಇರುವವರು ಎಂದೇನೂ ಇಲ್ಲ." ಕನ್ನಡಕ ತೆಗೆದರು. "ಹಂಗಂದ್ರೆ ಏನೇ? ನೀನು ನರ್ಸಲ್ಲ ಅಂತಲಾ?"

"ನಾನು ನರ್ಸಾಗಿರ್ಬೇಕು ಅಂತೇನಿಲ್ಲ ಅಂತ."

"ಹಂಗಾದ್ರೆ ರಾತ್ರಿ ಪಾಳಿ ಮುಗಿಸಿ ಬರ್ತಾಳೆ ಅಂತ ನಾನು ಇಷ್ಟು ವರ್ಷ ಕಾದು ಕೂತಿದ್ದು ಯಾರಿಗೆ?"

ಅವರು ತಮಾಷೆಗೆ ಹೇಳಿದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ಟಿವಿ ಆರಿಸಿ ಹೋಗಿ ಮಲಗಿದೆ.

ಅಕ್ಟೋಬರ್ 10, ಬುಧವಾರ

ಮೀನಿನ ಅಂಗಡಿಯಲ್ಲಿ ಕ್ಯಾಷ್ ಕೌಂಟರಿನ ಹುಡುಗಿ ತುಂಬ ಖುಷಿಯಿಂದ, "ಆಂಟಿ, ನೀವು ಆ ಜಾಹೀರಾತಲ್ಲಿ ಆಕ್ಟ್ ಮಾಡಿದೋರಲ್ವಾ? ನಿಜವಾದ ನರ್ಸ್ ಥರಾನೇ ಇದ್ರಿ" ಎಂದಳು. ಪಾಪ, ಅವಳು ಹೊಗಳಿದ್ದೇ. ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಬಂದುಬಿಟ್ಟೆ.

ಸಂಜೆ ಫೆಲಿ ಬಂದಳು. ಅವಳ ಕೆನ್ನೆ ಕೆಂಪಾಗಿತ್ತು. ಸೀನಿಯರ್ ಸೆಂಟರಿನಲ್ಲಿ ಯಾರೋ ಒಬ್ಬ ನಾನು ಬಾಡಿಗೆ ನಟಿ ಎಂದನಂತೆ. ಅವಳು ಕೈಯಲ್ಲಿದ್ದ ಬಿಂಗೊ ಚೀಟಿಗಳನ್ನು ಕೆಳಗಿಟ್ಟು ಅವನ ಮೇಲೆ ಹರಿಹಾಯ್ದಳಂತೆ. "ನಾನು ಕಣ್ಣಾರೆ ನೋಡಿದೀನಿ ಕಣಯ್ಯಾ ಅವಳು ಕೆಲ್ಸ ಮಾಡೋದನ್ನ. ದುಡ್ಡಿಗೋಸ್ಕರ ಮಾತಾಡೋಳಲ್ಲ ಅವಳು ಅಂತ ಹೇಳಿ ಬಂದೆ" ಎಂದಳು. ನೀರು ಕೇಳಿ ಎರಡು ಲೋಟ ಕುಡಿದಳು.

ಆಗಲೇ ಹೇಳಬೇಕಿತ್ತು. ಲೋಟ ತೊಳೆದಿಟ್ಟೆ.

ಅಕ್ಟೋಬರ್ 11, ಗುರುವಾರ

ಊಟ ಸೇರಲಿಲ್ಲ.

ಅಕ್ಟೋಬರ್ 12, ಶುಕ್ರವಾರ

ಬೆಳಿಗ್ಗೆ ಒಳ್ಳೆಯ ಕೋಟು ಹಾಕಿಕೊಂಡು ಪ್ರಚಾರದ ಕಚೇರಿಗೆ ಹೋದೆ. ಹಳೇ ಟೈರಿನ ಅಂಗಡಿ ಅದು, ಈಗಲೂ ರಬ್ಬರು ವಾಸನೆ. ಗ್ಯಾರೆಟ್ ಎದುರು ಕುರ್ಚಿ ಎಳೆದುಕೊಂಡು ಕುಳಿತೆ.

"ಆ ಸಾಲು ತೆಗೀರಿ. ನನ್ನ ಹೆಸರಿರೋದು ಹಾಕಿ."

"ಮೇಡಮ್, ಅದರಲ್ಲಿ ನೀವು ದುಡ್ಡು ತಗೊಂಡಿದೀರ ಅಂತ ಸ್ಪಷ್ಟವಾಗಿ ಇರುತ್ತೆ."

"ತಗೊಂಡಿದೀನಲ್ಲ."

"ಇಡೀ ಕೌಂಟಿ ಓದುತ್ತೆ."

"ಈಗಲೂ ಓದ್ತಾ ಇದೆ. ನಾನು ನರ್ಸಲ್ಲ ಅಂತ."

ಅವನು ಫೋನಿನಲ್ಲಿ ವಕೀಲರನ್ನು ಹಿಡಿದು ಸ್ಪೀಕರಿಗೆ ಹಾಕಿದ. ವಕೀಲರ ಮಾತು ಇಷ್ಟು: ಮಾತಾಡುವವರು ನಿಜಕ್ಕೂ ಆ ವೃತ್ತಿಯವರೇ ಎಂಬ ದಾಖಲೆ ಕಡತದಲ್ಲಿದ್ದರೆ ಹೆಸರಿನ ಸಾಲು ಹಾಕಬಹುದು, ಇಲ್ಲದಿದ್ದರೆ ಆ ಇನ್ನೊಂದೇ ಗತಿ. ದಾಖಲೆ ಗೀಖಲೆ ಎಂದು ಯಾರು ಓಡಾಡುವುದು, ಇರಲಿ ಬಿಡಿ, ಎಂದರು.

ನಾನು ಚೀಲ ತೆರೆದೆ. ಈ ಸಲದ ಲೈಸೆನ್ಸು, ಹಿಂದಿನ ಸಲದ್ದು, ಅದರ ಹಿಂದಿನದು, ಮೂವತ್ತು ಗಂಟೆಯ ಪಾಠದ ಪ್ರಮಾಣಪತ್ರಗಳು. ಒಂದೊಂದಾಗಿ ಅವನ ಲ್ಯಾಪ್‌ಟಾಪಿನ ಮೇಲೆಯೇ ಇಟ್ಟೆ. ಅದು ಮುಚ್ಚಿಹೋಯಿತು.

"ನಿಮ್ ಹೆಸರಿನ ಪಕ್ಕದಲ್ಲಿ ಹಣ ಅಂತ ಕಂಡ್ರೆ ಒಂದಷ್ಟು ವೋಟು ಹೋಗುತ್ತೆ ಮೇಡಮ್. ನನಗೆ ಅದೇ ಚಿಂತೆ" ಎಂದ. ಅದೂ ಸುಳ್ಳಲ್ಲ. ಅವನು ಕೆಟ್ಟವನಲ್ಲ, ಗೆಲ್ಲಬೇಕು ಎನ್ನುವವನು.

"ನರ್ಸಲ್ಲದೋಳ ಮಾತು ಕೇಳಿ ವೋಟು ಹಾಕ್ತಾರಾ?" ಎಂದು ಕೇಳಿದೆ. ಅವನು ಎದ್ದು ಹೋಗಿ ಎಲ್ಲದರ ಪ್ರತಿ ತೆಗೆಸಿಕೊಂಡು ಬಂದ.

ಸೋಮವಾರದಿಂದ ಹೊಸ ಸಾಲು. ಅದಕ್ಕೆ ಮುಂಚೆ ಫೆಲಿಗೆ ನನ್ನ ಬಾಯಿಂದಲೇ ತಿಳಿಯಬೇಕು.

ಅಕ್ಟೋಬರ್ 14, ಭಾನುವಾರ

ಹೇಳಿದೆ. ಭಾನುವಾರದ ಮಾಜಾಂಗ್ ಆಟದ ಮೇಜಿನ ಸುತ್ತ ನಾಲ್ಕೂ ಜನ ಇದ್ದಾಗ, ಎಲ್ಲರೆದುರೇ ಹೇಳಿದೆ. ಚಪ್ಪಾಳೆ ತಗೊಂಡದ್ದು ಎಲ್ಲರೆದುರು, ಇದೂ ಹಾಗೇ ಆಗಲಿ ಎಂದು.

"ನಾನು ದುಡ್ಡು ತಗೊಂಡಿದೀನಿ. ನಾಳೆಯಿಂದ ಟಿವಿಯಲ್ಲೂ ಬರುತ್ತೆ."

ಫೆಲಿ ಕೇಳಿದಳು, "ಎಷ್ಟು?"

"ಒಂದೂವರೆ ಸಾವಿರ."

"ಅಷ್ಟೇನಾ? ಮೂರು ಕೇಳ್ಬೇಕಿತ್ತು ನೀನು. ಕೇಳೋಕೂ ಬರಲ್ಲ ನಿನಗೆ."

ಲೂಸಿಂಗ್ ನಕ್ಕಳು, ನಾನೂ ನಗಲು ಹೊರಟೆ. ಫೆಲಿ ನಗಲಿಲ್ಲ. ತನ್ನ ಮುಂದಿನ ಬಿಲ್ಲೆಗಳನ್ನು ಒಂದೊಂದಾಗಿ ಬೋರಲು ಹಾಕಿದಳು.

"ದುಡ್ಡು ತಗೋ, ನಿನ್ನಿಷ್ಟ. ನನ್ ಹತ್ರ ಯಾಕೆ ಸುಳ್ಳು ಹೇಳ್ದೆ? ಬುಧವಾರ ಆ ಮುದುಕನ ಜೊತೆ ಬಿಂಗೊ ಬಿಟ್ಟು ಜಗಳ ಆಡಿದೀನಿ ನಾನು. ನಿನಗೋಸ್ಕರ. ಆಗ್ಲೇ ಹೇಳ್ಬೋದಿತ್ತು, ನೀರು ಕುಡೀತಾ ಕೂತಿದ್ನಲ್ಲ ನಾನು ನಿನ್ನೆದುರಿಗೆ."

ತಪ್ಪಾಯಿತು ಎಂದೆ. ಈ ಮಾತು ನನ್ನ ಬಾಯಿಂದ ಹೊರಟು ಎಷ್ಟು ಕಾಲವಾಗಿತ್ತೋ. ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು. ನಾಲ್ಕನೆಯವರಿಲ್ಲದೆ ಆಟ ನಿಂತಿತು. ತುಂಬ ಅಳು ಬಂತು, ಅತ್ತುಬಿಟ್ಟೆ.

ಅಕ್ಟೋಬರ್ 16, ಮಂಗಳವಾರ

ಹೊಸ ಸಾಲು ನೋಡಿದೆ. ನನ್ನ ಪೂರ್ತಿ ಹೆಸರು, ಪಕ್ಕದಲ್ಲೇ ಹಣದ ಮಾತು. ಇವರು ಓದಿ, "ಹೆಸರೇ ಅರ್ಧ ಪರದೆ ತಿಂದ್ಬಿಟ್ಟಿದೆಯಲ್ಲೇ" ಎಂದರು.

ಬೀದಿಯ ಕೊನೆಯ ಮನೆಯವಳು ನನ್ನನ್ನು ಕಂಡು ಒಳಗೆ ಹೋದಳು. ಹೋಗಲಿ. ಅಂಚೆಯವನು ಎಂದಿನಂತೆ ಕೈಯೆತ್ತಿದ. ತೋಟದ ಟೊಮೇಟೊ ಕಿತ್ತು ಮುಗಿಸಿದೆ, ಎರಡು ಬುಟ್ಟಿಯಾಯಿತು. ಒಂದನ್ನು ಫೆಲಿಯ ಬಾಗಿಲಲ್ಲಿಟ್ಟು ಗಂಟೆ ಒತ್ತದೆ ಬಂದೆ.

ಅಕ್ಟೋಬರ್ 19, ಶುಕ್ರವಾರ

ರೇಡಿಯೊ ಜಾಹೀರಾತಿನ ಧ್ವನಿಮುದ್ರಣ. ಟಿವಿಯಲ್ಲಾದರೆ ಸಾಲು ಕಂಡರೆ ಸಾಕು, ರೇಡಿಯೊದಲ್ಲಿ ಬಾಯಿಬಿಟ್ಟು ಹೇಳಬೇಕು. ಅದಕ್ಕೆಂದೇ ಒಬ್ಬನನ್ನು ಕರೆಸಿದ್ದರು. ಅವನು ನನ್ನ ಹೆಸರನ್ನೂ ಹಣದ ಮಾತನ್ನೂ ಸೇರಿಸಿ ಒಂದೇ ಉಸಿರಿಗೆ ಉರುಳಿಸಿಬಿಟ್ಟ. ಪಕ್ಕದಲ್ಲಿ ಕುಳಿತ ನನಗೇ ಒಂದಕ್ಷರ ತಿಳಿಯಲಿಲ್ಲ. ಗ್ಯಾರೆಟ್‌ಗೆ ಬಹಳ ಹಿಡಿಸಿತು.

"ನಾನು ಹೇಳ್ತೀನಿ" ಎಂದೆ.

"ನಿಮ್ ಬಗ್ಗೆ ನೀವೇನಾ?"

"ಇನ್ಯಾರಪ್ಪ ಹೇಳ್ಬೇಕು?"

ಪಾಳಿ ಬದಲಾಗುವಾಗ ಮುಂದಿನ ನರ್ಸಿಗೆ ರೋಗಿಯನ್ನು ಒಪ್ಪಿಸುವಾಗ ಹೇಗೆ ಹೇಳುತ್ತೇವೆ? ಪೂರ್ತಿ ಹೆಸರು, ಏನಾಗಿದೆ, ಏನು ಕೊಟ್ಟಿದ್ದೇವೆ. ಅವಸರವಿಲ್ಲದೆ, ಒಂದೊಂದೂ ಬಿಡಿಸಿ. ಹಾಗೆಯೇ ಹೇಳಿದೆ. ಎಂಟು ಸೆಕೆಂಡು ಹಿಡಿಯಿತು. ಒಟ್ಟು ಮೂವತ್ತು ಸೆಕೆಂಡು ದಾಟಿತು, ಪುರಿಂಗ್ ಎಂದು ಚಿಕ್ಕದಾಗಿ ಹೇಳಿ ಎಂದ ಗ್ಯಾರೆಟ್. ಅದು ಮನೆಯ ಹೆಸರು, ಲೈಸೆನ್ಸಿನಲ್ಲಿ ಇಲ್ಲ, ಎಂದೆ. ಹಾಗಾದರೆ ಬೇರೆ ಏನನ್ನಾದರೂ ಕತ್ತರಿಸಬೇಕಲ್ಲ ಎಂದ. ಮೂವತ್ತೊಂದು ವರ್ಷದ ಮಾತನ್ನು ತೆಗೆದುಬಿಡು ಎಂದೆ. ಎದೆನೋವು ಬಂದರೆ ಸ್ಟಾಕ್ಟನ್‌ಗೆ ನಲವತ್ತು ನಿಮಿಷ ಎಂಬುದು ಉಳಿಯಿತು. ಅದು ಮುಖ್ಯ.

ಅಕ್ಟೋಬರ್ 27, ಶನಿವಾರ

ಫೆಲಿ ಬೇಲಿಯಾಚೆಯಿಂದಲೇ ಮಾತಾಡಿದಳು. "ರೇಡಿಯೊದಲ್ಲಿ ಕೇಳಿದೆ. ಫಾದರ್ ಎದುರು ತಪ್ಪೊಪ್ಪಿಗೆ ಮಾಡ್ದಂಗೆ ಹೇಳಿದೀಯ."

"ಕೇಳಿಸ್ತಲ್ಲ?"

"ಕಾರಿನಲ್ಲಿದ್ದೆ. ಕಿವುಡರಿಗೂ ಕೇಳಿಸುತ್ತೆ." ಸ್ವಲ್ಪ ಹೊತ್ತು ಗಿಡದ ಒಣಗಿದ ಎಲೆ ಕಿತ್ತಳು. "ಟೊಮೇಟೊ ಹುಳಿ. ನಾಳೆ ಆಟಕ್ಕೆ ಬರ್ತೀನಿ, ಮನಸು ಬಂದ್ರೆ."

ಬರುತ್ತಾಳೆ. ಅವಳಿಗೆಂದು ನಾಳೆಗೆ ಮಾಂಸದ ಅಡೊಬೊ ಮಾಡಬೇಕು.

ನವೆಂಬರ್ 6, ಮಂಗಳವಾರ

ಸಂಜೆ ಏಳು ದಾಟಿದ ಮೇಲೆ ಶಾಲೆಯ ಜಿಮ್ಮಿಗೆ ಮತ ಹಾಕಲು ಹೋದೆವು. ಇವರು ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದರು, ನಾನು ಮೊದಲು ಒಳಗೆ ಹೋದೆ. ಮೇಜಿನ ಬಳಿ ಹೆಸರು, ವಿಳಾಸ ಗಟ್ಟಿಯಾಗಿ ಹೇಳಬೇಕಲ್ಲ, ಹೇಳಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಜಿನ ಹಿಂದಿದ್ದ ಹೆಂಗಸು ರೇಡಿಯೊದಲ್ಲಿ ಕೇಳಿದ್ದಳೆಂದು ಕಾಣುತ್ತದೆ, "ಸಹಿ ಹಾಕಿ, ಇನ್ನು ಜಾಸ್ತಿ ಮಾತು ಬೇಡ ಮೇಡಮ್, ನಿಮ್ ದನೀನೇ ಪ್ರಚಾರ ಆಗ್ಬಿಡುತ್ತೆ" ಎಂದಳು.

ಮತ ಹಾಕಿ ಹೊರಡುವಾಗ ಸಾಲಿನ ನಡುವಿನಿಂದ ಒಬ್ಬ ಕೈ ಅಡ್ಡ ಹಿಡಿದ. ದೊಡ್ಡ ಆಳು, ಲಾರಿ ಕಂಪನಿಯ ಟೋಪಿ.

"ನೀವು ಆ ದುಡ್ಡು ತಗೊಂಡ ನರ್ಸ್ ಅಲ್ವಾ?"

"ಹೌದು" ಎಂದೆ.

ಅವನು ಸಾಲಿನಿಂದ ಅರ್ಧ ಹೆಜ್ಜೆ ಹೊರಗೆ ಬಂದು ದನಿ ತಗ್ಗಿಸಿದ. "ಒಂದು ಕೇಳ್ಬೇಕಿತ್ತು. ಮೂರು ದಿನದಿಂದ ಈ ಕಾಲು ಹಿಂಗಾಗಿದೆ."

ಪ್ಯಾಂಟು ಮೇಲೆತ್ತಿದ. ಎಡ ಮೀನಖಂಡ ಬಲಗಾಲಿನದರ ಒಂದೂವರೆಯಷ್ಟು ದಪ್ಪ. ಅಲ್ಲೇ ನೆಲದ ಮೇಲೆ ಮಂಡಿಯೂರಿ ಮುಟ್ಟಿ ನೋಡಿದೆ. ಬಿಸಿ. ಒತ್ತಿದರೆ ಹಲ್ಲು ಕಚ್ಚಿದ. ಎಲ್ಲಿಂದ ಬಂದೆ ಎಂದು ಕೇಳಿದೆ. ಆರೆಗನ್‌ನಿಂದ, ಹನ್ನೊಂದು ಗಂಟೆ ಸ್ಟೀರಿಂಗ್ ಮುಂದೆ. ಉಸಿರಾಟ ಹೇಗಿದೆ ಎಂದೆ. ಹೊರಗಿನ ನಾಲ್ಕು ಮೆಟ್ಟಿಲಿಗೇ ಏದುಸಿರು ಬಂತು ಎಂದ.

"ಆಸ್ಪತ್ರೆಗೆ ಹೋಗ್ಬೇಕಪ್ಪ. ಈಗ್ಲೇ."

"ವೋಟು ಹಾಕಿ ಹೋಗ್ತೀನಿ ಅಕ್ಕ. ಅದಕ್ಕೇ ಬಂದಿದ್ದು, ನಿಮ್ಮ ಕೆ-ಗೆ ಹೌದು ಅಂತ ಹಾಕ್ಬೇಕು ಅಂತ." ಮೇಜಿನ ಹೆಂಗಸು ಜೋರಾಗಿ ಕೆಮ್ಮಿದಳು. ಅವನ ಮುಂದೆ ಇನ್ನೂ ಇಪ್ಪತ್ತು ಜನ ಇದ್ದರು.

"ಬೇಡ. ನಡಿ" ಎಂದೆ.

ಅಷ್ಟರಲ್ಲಿ ಇವರು ಬಂದರು, ಮನೆಗೆ ಬಂದಿದ್ದ ಮಾದರಿ ಮತಚೀಟಿ ಜೇಬಿನಲ್ಲಿ, ಇನ್ನೂ ಸಾಲಿಗೆ ನಿಂತಿರಲಿಲ್ಲ. ರೀ, ಇವನನ್ನು ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಗಾಡಿ ಓಡಿಸಲು ಬಿಡಬೇಡಿ, ಹೆಚ್ಚು ನಡೆಸಲೂ ಬೇಡಿ, ಎಂದೆ. ಇವರು ಗೋಡೆಯ ಗಡಿಯಾರ ನೋಡಿದರು. ಏಳೂ ನಲವತ್ತು, ಎಂಟಕ್ಕೆ ಮತದಾನ ಮುಗಿಯುತ್ತದೆ. ಅವನ ತೋಳಿನ ಕೆಳಗೆ ಹೆಗಲು ಕೊಟ್ಟು ಹೊರಟರು.

ಮತ ಹಾಕಲು ಬಂದಿದ್ದ ಫೆಲಿಯ ಕಾರಿನಲ್ಲಿ ನಾನು ಮನೆಗೆ ಬಂದೆ. ಎಣಿಕೆ ನಡೆಯುತ್ತಿದೆ, ಎರಡೂ ಕಡೆ ಹೆಚ್ಚುಕಡಿಮೆ ಸಮಸಮ ಎಂದು ಟಿವಿಯಲ್ಲಿ ಹೇಳುತ್ತಿದ್ದಾರೆ. ಕೆ-ಗೆ ಎರಡು ವೋಟು ಕಡಿಮೆಯಾಯಿತು. ಹೋಗಲಿ.

ಒಂಬತ್ತಕ್ಕೆ ಇವರ ಫೋನು ಬಂತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತದ ಒಂದು ಚೂರು ಶ್ವಾಸಕೋಶಕ್ಕೆ ಹೋಗಿದೆಯಂತೆ, ಒಳಗೆ ಸೇರಿಸಿಕೊಂಡಿದ್ದಾರೆ, ಉಳಿಯುತ್ತಾನೆ. ತುರ್ತು ವಿಭಾಗದ ಬಾಗಿಲಲ್ಲಿದ್ದ ಹುಡುಗಿ, ಇದನ್ನು ಯಾರು ಗುರುತಿಸಿದ್ದು ಎಂದು ಕೇಳಿದಳಂತೆ.

"ಏನಂದ್ರಿ?" ಎಂದು ಕೇಳಿದೆ.

"ಒಬ್ರು ನರ್ಸ್ ಕಳ್ಸಿದ್ರು ಅಂದೆ."

"ಮತ್ತೆ?"

"ಅಷ್ಟೇ. ಅವಳು ಬರ್ಕೊಂಡ್ಳು."

ಇವರು ಬರುವುದು ಇನ್ನೂ ಅರ್ಧ ಗಂಟೆಯಾಗುತ್ತದೆ. ಅನ್ನ ಬಿಸಿಗಿಟ್ಟಿದ್ದೇನೆ.